ಮಗುಚಿ ನೋಡದ ಮುಯ್ಯಿಯೆಲೆ

ಬಹಳ ಹಿಂದಿನ ಮಾತು. ಆಗ ಹುಲಿಗಳು ಮಾತಾಡುತ್ತಿದ್ದವು, ಹಕ್ಕಿಗಳು ವಾದಕ್ಕೆ ಕೂರುತ್ತಿದ್ದವು, ಮನುಷ್ಯರಿಗೆ ಕೂತು ಆಡಲು ಪುರುಸೊತ್ತಿತ್ತು. ಆ ಕಾಲದಲ್ಲಿ ಬಣ್ಣಗೆರೆ ಎಂಬೊಂದು ರಾಜ್ಯ. ಅಲ್ಲಿ ದೊರೆಯಿಂದ ಹಿಡಿದು ದೋಣಿ ನಡೆಸುವವಳ ತನಕ ಎಲ್ಲರೂ ಎಲೆಯಾಟದವರೇ.

ಎಲೆಯೆಂದರೆ ಅಂಗೈಯಗಲದ ದುಂಡನೆಯ ಬಿಲ್ಲೆ. ಹಳೇ ಬಟ್ಟೆಗೆ ಹುಣಸೆಬೀಜದ ಅಂಟು ಬಳಿದು, ಪದರದ ಮೇಲೆ ಪದರ ಕೂರಿಸಿ, ಒಣಗಿಸಿ, ನುಣ್ಣಗೆ ಉಜ್ಜಿ, ಚಿತ್ರ ಬರೆದು, ಮೇಲೆ ಅರಗು ಹಾಕಿ ಮಾಡಿದ್ದು. ಹಿತ್ತಾಳೆ ತಟ್ಟೆಯ ಮೇಲೆ ಗಿಳಿಯ ಎಲೆ ಹಾಕಿದರೆ ಗಿಳಿ ಹಾರುತ್ತಿತ್ತು. ಮೋಡದ ಎಲೆ ಹಾಕಿದರೆ ಆಡುವವರ ತಲೆಯ ಮೇಲೆ ಮಾತ್ರ ನಾಲ್ಕು ಹನಿ ಬೀಳುತ್ತಿತ್ತು. ಯಾರೂ ಬೆರಗಾಗುತ್ತಿರಲಿಲ್ಲ. ತಲೆ ಒರೆಸಿಕೊಂಡು ಮುಂದಿನ ಎಲೆ ಹಾಕುತ್ತಿದ್ದರು.

ಆಟದ ಕಟ್ಟಳೆ ಸರಳ. ಆಡುತ್ತಾ ಆಡುತ್ತಾ ಇಬ್ಬರ ಕೈಯಲ್ಲೂ ಮೂರು ಮೂರು ಎಲೆ ಉಳಿಯಬೇಕು. ಯಾರ ಮೂರು ಎಲೆ ಮೇಲಿನವೋ ಅವರು ಗೆದ್ದರು. ಆದರೆ ಆಟಕ್ಕೆ ಕೂರುವ ಮೊದಲು ಒಂದು ಮುಯ್ಯಿ ನಡೆಯಬೇಕಿತ್ತು. ನಿಮ್ಮದೊಂದು ಎಲೆಯನ್ನು ಬೋರಲಾಗಿ ಎದುರಿನವರಿಗೆ ಕೊಡಬೇಕು, ಅವರದೊಂದನ್ನು ಬೋರಲಾಗಿಯೇ ಪಡೆಯಬೇಕು. ಬೇಡ ಎನ್ನುವಂತಿಲ್ಲ. ಕೊನೆಯ ಮೂರು ಎಲೆ ತೋರಿಸುವ ಮುಂಚೆ ಅದನ್ನು ತಟ್ಟೆಗೆ ಹಾಕಬೇಕು, ಅಲ್ಲಿಯ ತನಕ ಮಗುಚಿ ನೋಡುವಂತಿಲ್ಲ. ಹೀಗೆ ವರ್ಷಗಳು ಕಳೆದಂತೆ ಒಬ್ಬೊಬ್ಬರ ಡಬ್ಬಿಯಲ್ಲೂ ಊರವರ ಎಲೆಗಳೇ ತುಂಬಿರುತ್ತಿದ್ದವು. ಡಬ್ಬಿಯ ಮುಚ್ಚಳ ತೆರೆದರೆ ಸತ್ತವರು, ಮದುವೆಯಾಗಿ ಹೋದವರು, ಮಾತು ಬಿಟ್ಟವರು ಎಲ್ಲರೂ ಅರಗಿನ ವಾಸನೆಯೊಡನೆ ನೆನಪಾಗುತ್ತಿದ್ದರು. ಅಂಥ ವಾಸನೆ ಈಗ ಎಲ್ಲೂ ಸಿಗುವುದಿಲ್ಲ.

ಎಲ್ಲ ಎಲೆಗಳಿಗಿಂತ ತರಲೆಯದು ತಿರುಗಣಿ ಎಂಬ ಎಲೆ. ಅದರ ಅಂಚಿನ ಸುತ್ತ ಆನೆ, ಮಂಗ, ಗಾಳಿ, ಗಡಿಗೆ, ಉಯ್ಯಾಲೆ, ಗೂಬೆ ಎಂಬ ಆರು ಚಿತ್ರ. ತಟ್ಟೆಯ ಮೇಲಿಟ್ಟು ಬುಗುರಿಯ ಹಾಗೆ ತಿರುಗಿಸಬೇಕು. ನಿಂತಾಗ ತಟ್ಟೆಯಲ್ಲಿ ಕೊರೆದ ಗೆರೆಗೆ ಯಾವ ಚಿತ್ರ ಬಂತೋ ಅದು ನಡೆಯುತ್ತಿತ್ತು. ಆನೆ ಬಂದರೆ ಆಟ ಮೊದಲಿಂದ. ಗಾಳಿ ಬಂದರೆ ಎಲೆಗಳೆಲ್ಲ ಸೂರಿಗೆ ಹಾರಿ, ಹಿಡಿದವರ ಪಾಲು. ಮಂಗ ಬಂದರೆ ನಿಮ್ಮ ಕೈಯ ಎಲೆ ಅವರಿಗೆ, ಅವರ ಕೈಯದು ನಿಮಗೆ. ಉಳಿದ ಮೂರರ ಅವಾಂತರ ಹೇಳುತ್ತಾ ಕೂತರೆ ಕತೆ ಮುಗಿಯದು.

ಈ ತಿರುಗಣಿಯ ವಿಷಯಕ್ಕೆ ಮಾಚಲೆಯ ಮನೆ ಜಗಲಿಯ ಮೇಲೆ ದಿನವೂ ಚರ್ಚೆ. ಮಾಚಲೆ ಎಲೆ ಬರೆಯುವವಳು, ರಾಜ್ಯದಲ್ಲೇ ದೊಡ್ಡ ಆಟಗಾರ್ತಿ. ಅವಳ ಗೆರೆ ಹೇಗೆ ಅಳುಕುತ್ತಿರಲಿಲ್ಲವೋ ಆಟವೂ ಹಾಗೆಯೇ. ತಿರುಗಣಿಯನ್ನು ಒಲೆಗೆ ಹಾಕಬೇಕು ಎಂಬುದು ಅವಳ ವಾದ. ತಿಂಗಳುಗಟ್ಟಲೆ ಕಲಿತವನ ಆಟವನ್ನು ನಿನ್ನೆ ಬಂದವನು ಒಂದು ಸುತ್ತಿನಲ್ಲಿ ಕೆಡಿಸಿದರೆ ಕಲಿಯುವುದಾದರೂ ಏಕೆ ಎಂದು ಕೇಳುತ್ತಿದ್ದಳು. ಕಮ್ಮಾರ ಬೀರಜ್ಜ ತಲೆದೂಗುತ್ತಿದ್ದ. ಬೀರಜ್ಜ ಯಾರು ಮಾತಾಡಿದರೂ ತಲೆದೂಗುತ್ತಿದ್ದ, ಆ ಮಾತು ಬೇರೆ.

ಎದುರುವಾದ ಹೂಡುತ್ತಿದ್ದವಳು ದೇಕವ್ವ. ಹೊಳೆ ದಾಟಿಸುವ ಅಂಬಿಗರವಳು, ಮಾಚಲೆಯ ಜೊತೆ ಮಣ್ಣಾಡಿ ಬೆಳೆದವಳು. ಅವಳ ಹತ್ತಿರ ಅವ್ವನಿಂದ ಬಂದ ಒಂದು ತಿರುಗಣಿ ಇತ್ತು. ಒಂದು ಕಡೆ ಅಂಚು ಮುಕ್ಕಾದದ್ದು. ಹಲ್ಲು ಬರುವಾಗ ದೇಕವ್ವನೇ ಕಚ್ಚಿದ್ದಂತೆ. ಆ ಎಲೆಯೆಂದರೆ ಅವಳಿಗೆ ಪ್ರಾಣ.

"ಹೊಳೆ ನನ್ನ ಕೇಳ್ಕೊಂಡು ಹರಿಯುತ್ತಾ ಮಾಚಿ?" ಎನ್ನುತ್ತಿದ್ದಳು ಅವಳು. "ಸುಳಿ ಬಂದಾಗ ಹುಟ್ಟು ತಿರುಗಿಸೋದೂ ಬಲ್ಲವರ ಕೆಲಸಾನೇ ಕಣೇ. ನಗೋದಂತೂ ಬಲ್ಲವರದೇ."

ವಾದ ಮುಗಿಯದೆ ಹೊತ್ತು ಮುಳುಗುತ್ತಿತ್ತು. ಹುರಿಗಡಲೆ ಮುಗಿಯುತ್ತಿತ್ತು. ಮಾರನೆಯ ದಿನ ಮತ್ತೆ ಅದೇ ಮಾತು, ಅದೇ ಜಗಲಿ. ಅದು ಎಷ್ಟು ಸುಖದ ಕಾಲವೆಂದು ಅವರಿಗೆ ಆಗ ತಿಳಿದಿರಲಿಲ್ಲ.

ಒಂದು ವಸಂತದಲ್ಲಿ ಅರಮನೆಯ ದೊಡ್ಡ ಆಟ ನಡೆಯಿತು. ಗೆದ್ದವರಿಗೆ ಗಂಧದ ಡಬ್ಬಿ. ಕೊನೆಗೆ ಉಳಿದವರು ಮಾಚಲೆ ಮತ್ತು ದೇಕವ್ವ. ಮಾಚಲೆಯ ಕೈಯಲ್ಲಿ ಸೂರ್ಯ, ಸಿಂಹಾಸನ, ಐರಾವತ ಎಂಬ ಮೂರು ಎಲೆ. ಅದಕ್ಕಿಂತ ಮೇಲೆ ಯಾವುದೂ ಇರಲಿಲ್ಲ. ದೇಕವ್ವನ ಕೈಯಲ್ಲಿ ಕಪ್ಪೆ, ಸೌಟು, ಮುರುಕು ಚಕ್ರ. ದೇಕವ್ವ ನಗುತ್ತಾ ತಿರುಗಣಿ ಬಿಟ್ಟಳು. ಮಂಗ ಬಂತು. ಸೂರ್ಯ, ಸಿಂಹಾಸನ, ಐರಾವತ ಮೂರೂ ಜಿಗಿದು ದೇಕವ್ವನ ಕೈಗೆ ಕೂತವು. ಸಭೆಗೆ ಸಭೆಯೇ ನಕ್ಕಿತು, ದೊರೆಯೂ ಹೊಟ್ಟೆ ಹಿಡಿದುಕೊಂಡ. ಮಾಚಲೆ ಮಾತ್ರ ಕಪ್ಪೆಯನ್ನು ತಟ್ಟೆಗೆ ಎಸೆದು ಎದ್ದುಹೋದಳು.

ಮರುದಿನ ಬೆಳಿಗ್ಗೆ ದೇಕವ್ವ ಬಂದು ಬಾಗಿಲಲ್ಲಿ ನಿಂತಳು. ನಾಳೆ ಮತ್ತೆ ಆಡೋಣ, ಮುಯ್ಯಿ ಈಗಲೇ ತಂದಿದ್ದೇನೆ ಎಂದು ಒಂದು ಎಲೆಯನ್ನು ಬೋರಲಾಗಿ ನೀಡಿದಳು. ಬೇಡ ಎನ್ನುವಂತಿರಲಿಲ್ಲ. ಮಾಚಲೆ ಅದನ್ನು ತೆಗೆದುಕೊಂಡು ಸೊಂಟದ ಚೀಲಕ್ಕೆ ತುರುಕಿ, ಬಾಗಿಲು ಹಾಕಿದಳು.

ಅದೇ ಮಧ್ಯಾಹ್ನ ಒಬ್ಬ ದಾರಿಹೋಕ ಜಗಲಿಗೆ ಬಂದು ನೀರು ಕೇಳಿದ. ಕಂಕುಳಲ್ಲಿ ತಾಮ್ರದ ಗಿಂಡಿ. ಅವನು ಕಾಲಗಣ್ಣನೆಂಬ ಮಾಂತ್ರಿಕ, ಎದುರಿಗಿದ್ದವರ ಕಣ್ಣು ನೋಡಿ ಅವರಿಗೆ ಗೊತ್ತಿರುವುದನ್ನೆಲ್ಲ ಓದುವವನು. ಮಾಚಲೆಯ ಕಣ್ಣಿನಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿತು. ನಿನ್ನ ಆಸೆಯನ್ನು ಮೂರು ಸಲ ಬಾಯಿಬಿಟ್ಟು ಹೇಳು, ನಡೆಸಿಕೊಡುತ್ತೇನೆ ಎಂದ. ಸಿಟ್ಟಿನಲ್ಲಿ ಮೂಗು ಕೊಯ್ದುಕೊಂಡರೆ ಶಾಂತವಾದ ಮೇಲೆ ಬರುತ್ತದೆಯೇ? ಮಾಚಲೆ ಹೇಳಿಯೇಬಿಟ್ಟಳು.

"ಬಲ್ಲವರೇ ಗೆಲ್ಲಬೇಕು. ಬಲ್ಲವರೇ ಗೆಲ್ಲಬೇಕು. ಬಲ್ಲವರೇ ಗೆಲ್ಲಬೇಕು."

ಮಾಂತ್ರಿಕ ಗಿಂಡಿಯ ಮುಚ್ಚಳ ತೆಗೆದ. ರಾಜ್ಯದಲ್ಲಿದ್ದ ಆಕಸ್ಮಿಕವೆಲ್ಲ ಸುಯ್ಯೆಂದು ಬಂದು ಅದರೊಳಗೆ ಸೇರಿತು. ಅವನು ಮುಚ್ಚಳ ಬಿಗಿದು, ಮಡಿಲಿಂದ ತನ್ನ ಎಲೆಗಳ ಕಟ್ಟು ತೆಗೆದು ಒಂದನ್ನು ತೋರಿಸಿದ. ಅದರಲ್ಲಿ ದೇಕವ್ವ ಹುಟ್ಟು ಹಿಡಿದು ದೋಣಿಯಲ್ಲಿ ಕೂತಿದ್ದಳು. ಬಣ್ಣ ಇನ್ನೂ ಹಸಿಯಿತ್ತು.

"ಇದು ನನ್ನ ಕೂಲಿ," ಎಂದ. "ಬೇಕಾದರೆ ಆಡಿ ಬಿಡಿಸಿಕೊ. ಬಲ್ಲವರೇ ಗೆಲ್ಲುತ್ತಾರಲ್ಲ."

ಮಾಚಲೆ ಹೊಳೆಗೆ ಓಡಿದಳು. ದೋಣಿ ಬರಿದಾಗಿ ದಡಕ್ಕೆ ಬಡಿಯುತ್ತಿತ್ತು.

ಅಂದಿನಿಂದ ಬಣ್ಣಗೆರೆಯಲ್ಲಿ ಮನೆಮನೆಯ ತಿರುಗಣಿಗಳು ಅಳಿಸಿದ ಹಲಗೆಯಂತೆ ಬರಿದಾದವು. ಮುಯ್ಯಿಗೆ ಕೈ ಚಾಚುವ ಮೊದಲೇ ಯಾರು ಗೆಲ್ಲುತ್ತಾರೆಂದು ಇಬ್ಬರಿಗೂ ತಿಳಿಯುತ್ತಿತ್ತು. ತಿಳಿದ ಮೇಲೆ ಆಡುವವರು ಯಾರು? ಮೊದಲು ದೊರೆ ಬಿಟ್ಟ, ಕೊನೆಗೆ ಬೀರಜ್ಜನೂ ಬಿಟ್ಟ. ತಟ್ಟೆಗಳಲ್ಲಿ ಅಕ್ಕಿ ಆರಿಸತೊಡಗಿದರು. ಮಾಚಲೆ ಮಾತ್ರ ಏಳು ವರ್ಷ ಒಬ್ಬಳೇ ಕೂತು ಎಡಗೈ ಬಲಗೈ ಎದುರುಬದುರು ಮಾಡಿ ಅಭ್ಯಾಸ ಮಾಡಿದಳು. ಮಾಂತ್ರಿಕನಿಗಿಂತ ಬಲ್ಲವಳಾದರೆ ಗೆಳತಿಯನ್ನು ಬಿಡಿಸಬಹುದಲ್ಲ ಎಂಬುದೊಂದೇ ಆಸೆ. ಸಂಜೆ ಹುರಿಗಡಲೆ ಹುರಿದು ಎರಡು ಬಟ್ಟಲಿಗೆ ಹಾಕುತ್ತಿದ್ದಳು. ಒಂದು ಹಾಗೆಯೇ ಉಳಿಯುತ್ತಿತ್ತು. ಅವಳಿಗೆ ಗಂಧದ ಡಬ್ಬಿ ಬೇಕಿರಲಿಲ್ಲ, ಗೆಲುವೂ ಬೇಕಿರಲಿಲ್ಲ. ವಾದ ಮಾಡುವವಳು ಬೇಕಿತ್ತು.

ಏಳು ವರ್ಷ ತುಂಬಿದ ದಿನ ಅವಳು ಎಲೆಡಬ್ಬಿ ಹಿಡಿದು ಕಾಲಗಣ್ಣನ ಕೋಟೆಗೆ ಹೊರಟಳು.

ಮೊದಲನೆಯ ಬಾಗಿಲಲ್ಲಿ ಒಂದು ಹುಲಿ ಎಲೆ ಹಿಡಿದು ಕೂತಿತ್ತು. ತನ್ನನ್ನು ಗೆದ್ದವರಿಗೇ ದಾರಿ ಎಂದಿತು. ಮಾಚಲೆ ಕೂತು ಒಂದು ಎಲೆ ಹಾಕುವಷ್ಟರಲ್ಲಿ ಹುಲಿ ತನ್ನ ಎಲೆಗಳನ್ನು ಕೆಳಗಿಟ್ಟಿತು. ಸೋಲುತ್ತೇನೆಂದು ನಿನ್ನ ಹೆಜ್ಜೆಯ ಸದ್ದಿಗೇ ಗೊತ್ತಾಯಿತು ತಾಯಿ, ಏಳು ವರ್ಷದಿಂದ ಹೀಗೇ, ಬೇಜಾರು ಎಂದಿತು. ಹೋಗುವವಳಿಗೆ ಒಂದು ಮಾತನ್ನೂ ಹೇಳಿತು. ನಿನ್ನ ಕಣ್ಣಿಗೆ ಗೊತ್ತಿರುವುದೆಲ್ಲ ಅವನಿಗೂ ಗೊತ್ತು, ಅವನನ್ನು ಅರಿವಿನಿಂದ ಗೆಲ್ಲಲಾರೆ.

ಮಾಚಲೆಯ ಎದೆ ಕುಸಿಯಿತು. ಏಳು ವರ್ಷ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆದರೂ ನಡೆದಳು.

ಎರಡನೆಯ ಬಾಗಿಲಲ್ಲಿ ಕಂದಕ. ಅದರ ದಡದಲ್ಲಿ ಎರಡು ತಲೆಯ ಗಂಡಭೇರುಂಡ, ನಡುವೆ ಒಂದು ಮಾವಿನಹಣ್ಣು. ಗೆದ್ದ ತಲೆಗೆ ಹಣ್ಣು ಎಂದು ಎರಡೂ ತಲೆ ಏಳು ವರ್ಷದಿಂದ ಆಡುತ್ತಿದ್ದವು. ಇಬ್ಬರೂ ಸಮ ಬಲ್ಲವರು, ಆದ್ದರಿಂದ ಪ್ರತಿ ಆಟವೂ ಸಮ. ಇದನ್ನು ಬಗೆಹರಿಸಿದರೆ ಕಂದಕ ದಾಟಿಸುತ್ತೇವೆ ಎಂದವು. ಹೊಟ್ಟೆ ಒಂದೇ ಅಲ್ಲವೇ ಎಂದು ಮಾಚಲೆ ಕೇಳಿದಳು. ಹೊಟ್ಟೆ ಒಂದೇ, ನಾಲಿಗೆ ಎರಡು ಎಂದು ಎರಡೂ ತಲೆ ಒಟ್ಟಿಗೆ ರೇಗಿದವು.

ಮಾಚಲೆ ನೋಡುತ್ತಾ ಕೂತಳು. ಏನೋ ಕೊರತೆ ಕಂಡಿತು. ಮುಯ್ಯಿ ಮಾಡಿಕೊಂಡಿರಾ ಎಂದು ಕೇಳಿದಳು. ಒಂದೇ ಮೈಯವರು, ನಮ್ಮನಮ್ಮಲ್ಲಿ ಎಂಥ ಮುಯ್ಯಿ ಎಂದವು. ಅವಳು ಬಿಡಲಿಲ್ಲ. ಕಣ್ಣು ಮುಚ್ಚಿ ಒಂದೊಂದು ಎಲೆ ಎಳೆದು, ನೋಡದೆ ಒಬ್ಬರಿಗೊಬ್ಬರು ಕೊಡಿ ಎಂದಳು. ಕೊಟ್ಟುಕೊಂಡು ಆಡಿದವು. ಕೊನೆಗೆ ಮುಯ್ಯಿಯೆಲೆ ಹಾಕುವಾಗ, ಏಳು ವರ್ಷದಲ್ಲಿ ಮೊದಲ ಸಲ, ಎಡತಲೆ ಏನು ಹಾಕೀತೆಂದು ಬಲತಲೆಗೆ ತಿಳಿಯಲಿಲ್ಲ. ಎಡತಲೆಗೂ ತಿಳಿಯಲಿಲ್ಲ. ಎಡತಲೆ ಗೆದ್ದಿತು. ಬಲತಲೆ ಅಳಲಿಲ್ಲ, ಹಣ್ಣು ನೀನೇ ತಿನ್ನು, ಇನ್ನೊಂದಾಟ ಹಾಕು ಎಂದಿತು.

ಯಾರೂ ನೋಡದೆ ಇಟ್ಟದ್ದು ಮಾಂತ್ರಿಕನ ಗಿಂಡಿಗೂ ಸಿಕ್ಕುವುದಿಲ್ಲ ಎಂದು ಮಾಚಲೆಗೆ ಹೊಳೆದದ್ದು ಆಗ. ಅವಳ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ದೇಕವ್ವ ಕೊಟ್ಟ ಎಲೆ ಅಲ್ಲೇ ಬೋರಲಾಗಿತ್ತು. ಮೊದಲು ಸಿಟ್ಟಿನಿಂದ, ಆಮೇಲೆ ದುಃಖದಿಂದ ಅದನ್ನು ಅವಳು ಮಗುಚಿಯೇ ಇರಲಿಲ್ಲ. ಈಗಲೂ ಮಗುಚಲಿಲ್ಲ. ಹಕ್ಕಿ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಕಂದಕ ದಾಟಿಸಿತು.

ಮೂರನೆಯ ಬಾಗಿಲ ಒಳಗೆ ಕಾಲಗಣ್ಣ ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದ. ಪಕ್ಕದಲ್ಲಿ ಗಿಂಡಿ. ಅವನ ಎಲೆಗಳೆಲ್ಲ ಹೊಸವು, ಒಂದೂ ಬೇರೆಯವರು ಕೊಟ್ಟದ್ದಲ್ಲ. ನನಗೆ ಯಾರ ಮುಯ್ಯಿಯೂ ಬೇಡ, ನಾನು ಕೊಡುವುದೂ ಇಲ್ಲ ಎಂದ.

"ಆಗಲಿ," ಎಂದಳು ಮಾಚಲೆ. "ನಾನು ತಗೊಂಡ ಮುಯ್ಯಿ ಒಂದು ಬಾಕಿ ಇದೆ. ಅದನ್ನ ಆಡ್ತೀನಿ."

ಆಡಿಕೊ ಎಂದು ಅವನು ನಕ್ಕು ಮಾತು ಕೊಟ್ಟ. ಆಟ ಶುರುವಾಯಿತು. ಅವಳು ಯೋಚಿಸುವ ಮೊದಲೇ ಅವನು ಎಲೆ ಹಾಕುತ್ತಿದ್ದ. ಅವಳ ಸೂರ್ಯ ಹೋಯಿತು, ಸಿಂಹಾಸನ ಹೋಯಿತು, ಐರಾವತ ಹೋಯಿತು. ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಕಪ್ಪೆ, ಸೌಟು, ಮುರುಕು ಚಕ್ರ. ಅವನ ಮೂರರಲ್ಲಿ ಒಂದು ದೇಕವ್ವ.

ಮಾಚಲೆ ಚೀಲದಿಂದ ಎಲೆ ತೆಗೆದಳು. ಮಾಂತ್ರಿಕ ಅವಳ ಕಣ್ಣನ್ನು ದಿಟ್ಟಿಸಿದ. ಅಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆ ದಿಟ್ಟಿಸಿದ. ಅವನ ಹಣೆ ಬೆವರಿತು.

"ಏನದು?" ಎಂದ.

"ನಂಗೂ ಗೊತ್ತಿಲ್ಲ," ಎಂದು ಮಾಚಲೆ ಎಲೆಯನ್ನು ತಟ್ಟೆಯ ಮೇಲೆ ಮಗುಚಿದಳು.

ಅಂಚು ಮುಕ್ಕಾದ ತಿರುಗಣಿ. ಆರು ಚಿತ್ರಗಳೂ ಬಣ್ಣ ಮಾಸದೆ ಇದ್ದವು.

ಮಾಚಲೆಗೆ ಕಣ್ಣು ಮಂಜಾಯಿತು. ತಾನು ಬಾಗಿಲು ಹಾಕಿಕೊಂಡ ದಿನ ಗೆಳತಿ ತನ್ನ ಪ್ರಾಣದಂಥ ಎಲೆಯನ್ನೇ ಕೊಟ್ಟು ಹೋಗಿದ್ದಳು. ಮಾಚಲೆ ಕಣ್ಣೊರೆಸಿಕೊಳ್ಳದೆ, ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು. ಎಲೆ ತಿರುಗಿತು. ಆನೆ ಹೋಯಿತು, ಗಾಳಿ ಹೋಯಿತು, ಗೂಬೆ ಹೋಯಿತು. ಏಳು ವರ್ಷದಲ್ಲಿ ಮೊದಲ ಸಲ ಅವಳ ಎದೆ ಡವಗುಟ್ಟಿತು, ಆ ಡವಡವವನ್ನು ಅವಳು ಮರೆತೇ ಹೋಗಿದ್ದಳು. ಎಲೆ ಓಲಾಡಿತು, ಮುಕ್ಕಿನ ಮೇಲೆ ಎಡವಿತು, ನಿಂತಿತು.

ಮಂಗ.

ಅವನ ಮೂರು ಎಲೆ ಜಿಗಿದು ಅವಳ ಕೈಗೆ ಬಂದವು. ಕಪ್ಪೆ, ಸೌಟು, ಮುರುಕು ಚಕ್ರ ಮಾಂತ್ರಿಕನ ಕೈಯಲ್ಲಿ ಕೂತವು. ಕಡಿಮೆ ಬಲ್ಲವಳು ಗೆದ್ದಳು. ಮೂರು ಸಲ ಹೇಳಿದ ಮಾತು ಮುರಿದುಬಿತ್ತು, ಅದರೊಡನೆ ಗಿಂಡಿಯೂ ಬಿರಿಯಿತು. ಆಕಸ್ಮಿಕವೆಲ್ಲ ಕಿಟಕಿಯಿಂದ ಹಾರಿ ತನ್ನ ರಾಜ್ಯಕ್ಕೆ ಹೋಯಿತು. ಕಾಲಗಣ್ಣ ಓಡಲು ಎದ್ದ. ಎರಡು ಬಾಗಿಲಿದ್ದವು. ಯಾವುದರಲ್ಲಿ ಓಡಿದರೆ ಉಳಿಯುತ್ತೇನೆಂದು ಹುಟ್ಟಿದ ಮೇಲೆ ಮೊದಲ ಸಲ ತಿಳಿಯದೆ, ನಡುವೆ ನಿಂತು ಯೋಚಿಸುತ್ತಾ ಯೋಚಿಸುತ್ತಾ ಕಲ್ಲಾದ.

ದೇಕವ್ವ ಹುಟ್ಟು ಹಿಡಿದುಕೊಂಡೇ ಎಲೆಯಿಂದ ಇಳಿದಳು. ತಟ್ಟೆ ನೋಡಿದಳು, ಮಾಚಲೆಯ ಮುಖ ನೋಡಿದಳು.

"ಏಳು ವರ್ಷ ಇದನ್ನ ಮಗುಚೇ ನೋಡ್ಲಿಲ್ವೇನೇ?"

"ಆಟ ಶುರುವಾಗಿರ್ಲಿಲ್ವಲ್ಲ," ಎಂದಳು ಮಾಚಲೆ. ಆಮೇಲೆ ಕೇಳಿದಳು, "ಇದನ್ನ ಯಾಕೆ ಕೊಟ್ಟೆ ದೇಕಿ?"

"ನನ್ನ ಹತ್ರ ಇದ್ರೆ ನೀನು ಆಡೋಕೆ ಬರ್ತಿರ್ಲಿಲ್ಲ. ನಂಗೆ ಎಲೆಗಿಂತ ನೀನು ಬೇಕಾಗಿತ್ತು."

ಮಾಚಲೆ ಅತ್ತಳು. ದೇಕವ್ವ ಅವಳನ್ನು ಅಳಲು ಬಿಟ್ಟು, ಕಪ್ಪೆಯ ಎಲೆಯನ್ನು ಮಾಂತ್ರಿಕನ ಕಲ್ಲುಕೈಯಿಂದ ಬಿಡಿಸಿ ಡಬ್ಬಿಗೆ ಹಾಕಿಕೊಂಡಳು.

ಅವರು ಹಿಂತಿರುಗುವಷ್ಟರಲ್ಲಿ ಬಣ್ಣಗೆರೆಯವರು ತಟ್ಟೆಗಳಿಂದ ಅಕ್ಕಿ ಸುರಿದು ಆಟಕ್ಕೆ ಕೂತಿದ್ದರು. ದೊರೆ ಅಗಸರ ಮುದುಕಿಯ ಎದುರು ಸೋತು ಕುಣಿಯುತ್ತಿದ್ದ. ಹುಲಿ ಬಾಗಿಲು ಬಿಟ್ಟು ಊರಿಗೆ ಬಂತು, ಜಗಲಿಯ ತುದಿಯಲ್ಲಿ ಅದಕ್ಕೂ ಜಾಗವಾಯಿತು. ವಾದವೂ ಮತ್ತೆ ಶುರುವಾಯಿತು. ತಿರುಗಣಿಯನ್ನು ಒಲೆಗೆ ಹಾಕಬೇಕು ಎಂದು ಮಾಚಲೆ ಸಾಯುವ ತನಕ ವಾದಿಸಿದಳು, ಹುರಿಗಡಲೆಯನ್ನು ಎರಡು ಬಟ್ಟಲಿಗೆ ಹಾಕುತ್ತಾ. ಬೀರಜ್ಜ ಇಬ್ಬರಿಗೂ ತಲೆದೂಗಿದ.

ಆದರೆ ಪ್ರತಿ ಆಟಕ್ಕೆ ಮೊದಲು ಗೆಳತಿಯರಿಬ್ಬರೂ ಒಂದೊಂದು ಎಲೆ ಬೋರಲಾಗಿ ಕೊಟ್ಟುಕೊಳ್ಳುತ್ತಿದ್ದರು. ತೆಗೆದುಕೊಳ್ಳುವಾಗ ಇಬ್ಬರ ಹೆಬ್ಬೆರಳೂ ಮೆಲ್ಲಗೆ ಅಂಚನ್ನು ಸವರುತ್ತಿತ್ತು, ಮುಕ್ಕು ಸಿಕ್ಕೀತೇ ಎಂದು. ಸಿಕ್ಕಿದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವರು ಹಾಗೆ ಆಡುತ್ತಾ ಸುಖವಾಗಿದ್ದರು. ಅವರ ಕತೆ ಕೇಳಿದ ನಾವೂ ಹಾಗೆಯೇ ಇರೋಣ.