ರಾಮಯ್ಯನ ವಾಚಿನ ಬಿಳಿ ಡಯಲ್

2024ರ ಫೆಬ್ರವರಿ 12, ಸೋಮವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನರ್ಸ್ ಸಮವಸ್ತ್ರದಲ್ಲೇ ಅಜ್ಜಂಪುರ ಠಾಣೆಗೆ ಓಡಿಬಂದ ವನಜಾಕ್ಷಿ, ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಮೇಡಂ, ನಮ್ಮನೆಯೋರ ವಾಚು ಸಿಕ್ತು. ಬೇರೆಯೋರ ಕೈಲೈತೆ.”

ಇನ್‌ಸ್ಪೆಕ್ಟರ್ ಅಕ್ಷತಾಗೆ ಆಕೆಯ ಪರಿಚಯವಿತ್ತು. ಆಕೆಯ ಗಂಡ ಹೊನ್ನೇಶ್ ಹೈಸ್ಕೂಲಿನ ಪಿ.ಇ. ಮೇಷ್ಟ್ರು. ಹಿಂದಿನ ಆಗಸ್ಟ್‌ನಲ್ಲಿ ತರೀಕೆರೆಗೆ ಹೋಗಿಬರುತ್ತೇನೆಂದು ಹೊರಟವನು ಮರಳಿರಲಿಲ್ಲ. ಅವನ ಬೈಕು ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತ್ತು. ಹೆಂಡತಿಯನ್ನು ಬಿಟ್ಟು ಬಸ್ ಹತ್ತಿಹೋದ ಎಂದು ಊರು ಆಡಿಕೊಂಡಿತ್ತು. ಕಾಣೆಯಾದ ಪ್ರಕರಣದ ಎಫ್‌ಐಆರ್ ಹಾಗೇ ಉಳಿದಿತ್ತು.

ಅಂದು ಬೆಳಿಗ್ಗೆ ವನಜಾಕ್ಷಿ ಕೆಲಸ ಮಾಡುವ ಕ್ಲಿನಿಕ್ಕಿಗೆ ಕಡೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಎದೆನೋವೆಂದು ಬಂದಿದ್ದರು. ಇಸಿಜಿಗೆಂದು ಅವರ ವಾಚು ಬಿಚ್ಚಿ ಟ್ರೇಯಲ್ಲಿಟ್ಟಾಗ ಅದು ಮಗುಚಿಕೊಂಡಿತು. ಹಿಂಬದಿಯ ಮುಚ್ಚಳದ ಅಕ್ಷರಗಳನ್ನು ಯಾರೋ ಉಜ್ಜಿದ್ದರು. ಆದರೂ ಓದಲು ಬರುತ್ತಿತ್ತು: ‘ರಾಮಯ್ಯ, ಲಕ್ಕವಳ್ಳಿ’. ರಾಮಯ್ಯ ಆಕೆಯ ಮಾವ. ಅಣೆಕಟ್ಟೆಯ ಗೇಟ್ ಕೆಲಸದಿಂದ ನಿವೃತ್ತನಾದಾಗ ಜೊತೆಗಾರರು ಕೊಟ್ಟ ಕೀಲಿ ವಾಚು ಅದು. ಅವನು ತೀರಿದ ಮೇಲೆ ಹೊನ್ನೇಶ ಅದನ್ನು ಕೈಯಿಂದ ಇಳಿಸಿರಲಿಲ್ಲ.

“ಅದೇ ವಾಚಾ?” ಅಕ್ಷತಾ ಕೇಳಿದರು.

“ಮುಚ್ಚಳ ಅದೇ. ಮುಂದ್ಗಡೆ ನಮ್ದಲ್ಲ. ನಮ್ದು ಬಿಳೀ ಡಯಲ್ಲು, ಆರರ ಹತ್ರ ಕಂದು ಚುಕ್ಕೆ ಇತ್ತು. ಇದು ನೀಲಿ.”

ಆಕೆ ಮೊಬೈಲು ತೆಗೆದು ತೋರಿಸಿದಳು. ಜುಲೈನ ಶಾಲಾ ಕ್ರೀಡಾಕೂಟದ ಫೋಟೋ. ಸೀಟಿ ಹಿಡಿದ ಹೊನ್ನೇಶನ ಮಣಿಕಟ್ಟಿನಲ್ಲಿ ಬಿಳಿ ಡಯಲ್, ಚುಕ್ಕೆ ಸಮೇತ.

ಮಧ್ಯಾಹ್ನ ಅಕ್ಷತಾ ಮತ್ತು ಹೆಡ್ ಕಾನ್‌ಸ್ಟೆಬಲ್ ಧನಪಾಲ್ ಕಡೂರಿಗೆ ಹೋಗಿ, ಪಂಚರ ಸಮಕ್ಷಮ ವಾಚನ್ನು ಜಪ್ತಿ ಮಾಡಿದರು. ವ್ಯಾಪಾರಿಗೆ ಪೊಲೀಸರ ಅನುಮಾನಕ್ಕಿಂತ ಮೋಸಹೋದದ್ದೇ ದೊಡ್ಡದಾಗಿತ್ತು.

“ತರೀಕೆರೆ ತಿಪ್ಪೇಶನ ಹತ್ರ ತಗೊಂಡೆ. ಪೂರ್ತಿ ಒರಿಜಿನಲ್ ಅಂದಿದ್ದ ಕಣ್ರೀ!”

ತಿಪ್ಪೇಶ ಹಳೆಯ ವಾಚುಗಳನ್ನು ಸಂಗ್ರಹಿಸಿ, ಒಂದರ ಮುಳ್ಳು ಇನ್ನೊಂದರ ಡಯಲ್ ಸೇರಿಸಿ, ಹೊಸದರಂತೆ ಮಾಡಿ ಮಾರುವವನು. ಮಂಗಳವಾರ ಬೆಳಿಗ್ಗೆ ಪೊಲೀಸರು ಹೋದಾಗ ಅವನು ಬಸ್‌ಸ್ಟ್ಯಾಂಡಿನ ಪಕ್ಕದ ತನ್ನ ಅಂಗಡಿಯಲ್ಲಿ ಒಬ್ಬನೇ ಇದ್ದ. ಧನಪಾಲ್ ಜಪ್ತಿಯಾದ ವಾಚನ್ನು ಅವನ ಮುಂದಿಟ್ಟರು.

“ಈ ಮುಚ್ಚಳ ಎಲ್ಲಿಂದ ಬಂತು?”

“ಗುಜರಿ ಮಾಲು ಸಾರ್. ದಾವಣಗೆರೆಯಿಂದ ಒಟ್ಟಿಗೆ ತರ್ತೀನಿ.”

“ಯಾವಾಗ ತಂದೆ?”

“ನಾಲ್ಕು ವರ್ಷ ಆಗೋಯ್ತು.”

“ಹೊನ್ನೇಶ್ ಮೇಷ್ಟ್ರು ಗೊತ್ತಾ?”

“ಇಲ್ಲ ಸಾರ್.”

ಅಕ್ಷತಾ ಕ್ರೀಡಾಕೂಟದ ಫೋಟೋ ಮುಂದೆ ಹಿಡಿದರು. “ಇದು ಹೋದ ಜುಲೈದು. ನಾಲ್ಕು ವರ್ಷದ ಹಿಂದೆ ನಿನ್ನ ಹತ್ರ ಬಂದ ವಾಚು ಇವರ ಕೈಲಿ ಹೆಂಗಿತ್ತು?”

ತಿಪ್ಪೇಶನ ಬಲಗೈ ಎಡತೋಳಿನ ಗುಂಡಿ ಹಾಕಲು ಹೋಯಿತು.

“ತೋಳು ಮೇಲೆ ಮಾಡು.”

ಅವನ ಕೈಯಲ್ಲಿ ಬೇರೊಂದು ಕವಚದೊಳಗೆ ಬಿಳಿ ಡಯಲ್ ಇತ್ತು. ಆರರ ಹತ್ತಿರ ಕಂದು ಚುಕ್ಕೆ.

ಪಂಚನಾಮೆ ಮುಗಿಯುವ ಹೊತ್ತಿಗೆ ಅವನು ಬಾಯಿಬಿಟ್ಟ. ತಿಂಗಳುಗಟ್ಟಲೆ ಆ ವಾಚು ಮಾರೆಂದು ಹೊನ್ನೇಶನ ಬೆನ್ನು ಬಿದ್ದಿದ್ದ. ಹೊನ್ನೇಶ ಒಪ್ಪಿರಲಿಲ್ಲ. ಎಣ್ಣೆ ಹಾಕಿಸಲು ಕೊಟ್ಟಾಗ ತಿಪ್ಪೇಶ ಡಯಲ್ ಬದಲಿಸಿ, ಬಣ್ಣ ಹೊಡೆದ ಇನ್ನೊಂದನ್ನು ಕೂರಿಸಿ ಕಳಿಸಿದ. ಮರುದಿನವೇ ಹೊನ್ನೇಶ ಹಿಂತಿರುಗಿ ಬಂದ. “ನಮ್ಮಪ್ಪನ ಡಯಲ್ ತೆಗಿ. ಇಲ್ಲಾಂದ್ರೆ ಬಸ್‌ಸ್ಟ್ಯಾಂಡ್ ಜನಾನೆಲ್ಲ ಕರೀತೀನಿ” ಎಂದು ಬಾಗಿಲ ಕಡೆ ತಿರುಗಿದಾಗ ತಿಪ್ಪೇಶ ಸುತ್ತಿಗೆಯಿಂದ ಹೊಡೆದ. ಕತ್ತಲಾದ ಮೇಲೆ ಓಮ್ನಿಯಲ್ಲಿ ಹೆಣ ಸಾಗಿಸಿ ಭದ್ರಾ ಕಾಲುವೆಗೆ ನೂಕಿದ. ಹೊನ್ನೇಶನ ಕೈಯಿಂದ ಬಿಚ್ಚಿಕೊಂಡ ವಾಚಿನ ಮುಚ್ಚಳದ ಹೆಸರು ಉಜ್ಜಿ, ಅದನ್ನು ನೀಲಿ ಡಯಲಿನ ವಾಚಿಗೆ ಕೂರಿಸಿ ಮಾರಿದ. ಆ ತಿಂಗಳು ಕಾಲುವೆಯ ಕೆಳಭಾಗದಲ್ಲಿ, ಬೇರೆ ಜಿಲ್ಲೆಯಲ್ಲಿ, ಮುಖ ಗುರುತಾಗದ ಒಂದು ಗಂಡಸಿನ ಶವ ಸಿಕ್ಕಿ, ವಾರಸುದಾರರಿಲ್ಲದೆ ಹೂಳಲ್ಪಟ್ಟಿತ್ತು. ಅದನ್ನು ಹೊರತೆಗೆಯಲು ಅಕ್ಷತಾ ಅನುಮತಿ ಕೋರಿದರು. ಹೊನ್ನೇಶನ ತಾಯಿ ಭಾಗಮ್ಮನ ರಕ್ತದ ಮಾದರಿ ಡಿಎನ್‌ಎ ಪರೀಕ್ಷೆಗೆ ಹೋಯಿತು.

ಸಂಜೆ ವಿಷಯ ತಿಳಿಸಲು ಅಕ್ಷತಾ ತಾವೇ ಹೋದರು. ವನಜಾಕ್ಷಿ ಎಲ್ಲ ಕೇಳಿಸಿಕೊಂಡು, ಗೋಡೆ ಹಿಡಿದು ನಿಂತಳು.

“ನನ್ನ ಬಿಟ್ಟು ಹೋಗಿರ್ಲಿಲ್ಲ, ಅಲ್ವಾ ಮೇಡಂ?”

“ಇಲ್ಲಮ್ಮ.”

ಆಮೇಲೆ ಆಕೆ ಅತ್ತಳು.

ಬುಧವಾರ ತಿಪ್ಪೇಶನನ್ನು ತರೀಕೆರೆ ನ್ಯಾಯಾಲಯಕ್ಕೆ ಕರೆದೊಯ್ದರು. ಜೀಪಿನಲ್ಲಿ ಯಾರೂ ಕೇಳದೆಯೇ ಅವನು ಮಾತಾಡಿದ. ಇಷ್ಟು ವರ್ಷ ಎಷ್ಟೋ ವಾಚು ರಿಪೇರಿ ಮಾಡಿದ್ದ. ಎಲ್ಲವೂ ಬಣ್ಣ ಹೊಡೆದವು, ಜೋಡಿಸಿದವು. ಕಾರ್ಖಾನೆಯಿಂದ ಬಂದಂತೆಯೇ ಉಳಿದ ಅಂಥ ಡಯಲ್ ಅವನ ಕೈಗೆ ಬಂದಿರಲಿಲ್ಲ. ಅದನ್ನು ಮಾರಲು ಅಲ್ಲ, ದಿನಾ ನೋಡುತ್ತಿರಲು ಇಟ್ಟುಕೊಂಡಿದ್ದನಂತೆ.

ಧನಪಾಲ್ ತಡೆಯಲಾರದೆ ಕೇಳಿದರು. “ಲೇ, ಹೆಣದ ಜೊತೆ ಆ ವಾಚು, ಡಯಲ್ಲು ಎಲ್ಲಾ ಎಸೆದಿದ್ರೆ ನಾವು ನಿನ್ನ ಹತ್ರ ಬತ್ತಾನೇ ಇರ್ಲಿಲ್ಲ. ಯಾಕೋ ಎಸೀಲಿಲ್ಲ?”

ತಿಪ್ಪೇಶ ಅವರನ್ನು ಅರ್ಥವಾಗದವನಂತೆ ನೋಡಿದ.

“ನೀರು ತಾಗಿದ್ರೆ ಡಯಲ್ ಹಾಳಾಗೋದಲ್ವಾ ಸಾರ್.”