ಗೋಡೆ ನೋಡುವ ಡಾಕ್ಟರು

ಕಟಕ್...

ನಡುರಾತ್ರಿ. ಬೀಗ ತೆರೆದ ಸಣ್ಣ ಸದ್ದು. ವಾರ್ಡಿನಲ್ಲಿದ್ದ ಯಶೋಧಾ ಬೆಚ್ಚಿದಳು. ಔಷಧಿ ಕೋಣೆಗೆ ಯಾರು ನುಗ್ಗಿದರು?

ಬಾಗಿಲು ತಳ್ಳಿದಳು. ಒಳಗಿದ್ದ ಯುವಕ ಎರಡೂ ಕೈ ಅಗಲಿಸಿ ಮುಲಾಮಿನ ಡಬ್ಬಿಗಳನ್ನು ಮರೆಮಾಡಿದ.

"ಒಳಗ ಬರಬ್ಯಾಡ್ರಿ! ನೀವು ಇವನ್ನ ನೋಡಂಗಿಲ್ಲ!"

"ನಾನು ಡಾಕ್ಟರ್ ರೀ!"

"ಅದಕ್ಕ ಹೇಳಿದ್ದು!"

ಬಾಗಿಲು ಅವಳ ಮುಖದ ಮೇಲೇ ಮುಚ್ಚಿತು.

ಅವನು ಮಾನ್ವಿಯ ಅಂಬರೇಶ. ದೇವದುರ್ಗದ ಯಶೋಧಾಳಂತೆ ಅವನೂ ವೈದ್ಯಕೀಯ ಸಂಶೋಧನೆ ಕಲಿಯಲು ರಾಯಚೂರಿಗೆ ಬಂದವನು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಹಳೆಯ ಮುಲಾಮು ಮೇಲೋ, ಹೊಸತೋ? ಇದೇ ಇಬ್ಬರ ಅಧ್ಯಯನ. ಯಾರಿಗೆ ಯಾವುದು ಹೋಗುತ್ತಿದೆಯೆಂದು ಅಂಬರೇಶನಿಗೆ ಮಾತ್ರ ಗೊತ್ತು. ಗಾಯ ಪರೀಕ್ಷಿಸುವ ಯಶೋಧಾಗೆ ತಿಳಿಯಕೂಡದು. ತಿಳಿದರೆ ಅವಳ ಕಣ್ಣು ಒಂದು ಕಡೆ ವಾಲೀತು.

ಮುಲಾಮಿನ ಮಾತು ಬೇಡ, ಸರಿ. ಆದರೆ ನಮಸ್ಕಾರಕ್ಕೂ ಉತ್ತರವಿಲ್ಲವೇ? ಅವಳು ಕ್ಯಾಂಟೀನಿಗೆ ಬಂದರೆ ಅರ್ಧ ಚಹಾ ಬಿಟ್ಟು ಏಳುವುದೇ?

'ನನ್ನಲ್ಲಿ ಏನು ಕೊರತೆ ಕಂಡ?'

ಅದೇ ಅಂಬರೇಶ ಕಾಲಿನ ಗಾಯಕ್ಕೆ ದಾಖಲಾಗಿದ್ದ ಅರಕೇರಾದ ಭೀಮವ್ವನನ್ನು ಮಗುವಿನಂತೆ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದ. ಯಶೋಧಾ ಕಂಬದ ಮರೆಯಿಂದ ನೋಡುತ್ತಿದ್ದಳು. ನೋಡಬಾರದೆಂದುಕೊಂಡೇ ನೋಡುತ್ತಿದ್ದಳು.

ಭೀಮವ್ವ ಕೆಣಕಿದಳು. "ಯವ್ವಾ, ಆ ಡಾಕ್ಟರಪ್ಪಗ ನಿನ್ನ ಮ್ಯಾಲ ಸಿಟ್ಟೇನ? ನೀ ಬಂದ್ರ ಗ್ವಾಡಿ ನೋಡ್ತಾನಲ್ಲ!"

ಯಶೋಧಾ ನಕ್ಕಳು. ಎದೆ ಮಾತ್ರ ಚುರ್ರೆಂದಿತು.

ಕೊನೆಯ ರೋಗಿಯ ಪರೀಕ್ಷೆ ಮುಗಿದು, ಯಾರಿಗೆ ಯಾವ ಮುಲಾಮೆಂದು ಎಲ್ಲರೆದುರು ತೆರೆದಿಟ್ಟಿದ್ದಾಯಿತು. ಸಂಜೆ ಅವನು ಮಾನ್ವಿಗೆ ಹೊರಡುವವನಿದ್ದ. ಕೇಳದಿದ್ದರೆ ಇನ್ನೆಂದೂ ಗೊತ್ತಾಗದು... ಕ್ಯಾಂಟೀನಿನಲ್ಲಿ ಅವಳು ಕುಳಿತಲ್ಲಿ ಕುಳಿತಿರಲಾರದೆ ಎದ್ದಳು.

ಎದುರಿಗೇ ಅಂಬರೇಶ! ಕೈಯಲ್ಲಿ ಎರಡು ಚಹಾ.

"ಈಗ ಮಾತಾಡಬಹುದೇನ್ರಿ?"

"ಇಷ್ಟು ದಿನ ಬಾಯಿಗೂ ಬೀಗ ಹಾಕಿದ್ರೇನು?" ಅವಳು ಚಹಾ ಮುಟ್ಟದೆ ಕೇಳಿದಳು.

"ಬಾಯಿ ನನ್ನ ಮಾತು ಕೇಳ್ತದ್ರಿ. " ಅವನು ತನ್ನ ಮುಖ ಮುಟ್ಟಿಕೊಂಡ. "ಈ ಮಾರಿ ಕೇಳಂಗಿಲ್ಲ. ನೀವು ಭೀಮವ್ವನ ಗಾಯ ನೋಡಿ ನನ್ನ ಕಡಿ ತಿರುಗಿದ್ರ, ಅದು ಎಲ್ಲಾ ಹೇಳಿಬಿಡ್ತಿತ್ತು."

"ಮುಲಾಮಿಂದು ಅಷ್ಟೇ?"

ಅವನು ತಲೆತಗ್ಗಿಸಿದ. "ಇಲ್ಲ... ನೀವಂದ್ರ ನನಗ ಜೀವ ಅನ್ನೋದನ್ನೂ."

ಅವಳ ಕಣ್ಣು ತುಂಬಿತು. "ಹಂಗಾದ್ರ ಇನ್ನ ಗ್ವಾಡಿ ನೋಡಬ್ಯಾಡ್ರಿ. ನನ್ನ ನೋಡ್ರಿ."

ಅವನು ನೋಡಿದ. ಚಹಾ ಆರಿತು.

ಹಾಸ್ಟೆಲಿನಲ್ಲಿ ಗೆಳತಿ ಜಾಹೆದಾ ಕಾಯುತ್ತಿದ್ದಳು. "ಏನಂದ್ರಲೇ ನಿನ್ನ ಗ್ವಾಡಿ ಡಾಕ್ಟರ್?"

ಹೇಳಿದರೆ ಈ ಖುಷಿ ಎಲ್ಲಿ ಕರಗಿಹೋದೀತೋ! ಇವಳಿಗೂ ಬೇಡ, ಅವ್ವನಿಗೂ ಬೇಡ. ಸದ್ಯಕ್ಕೆ ಯಾರಿಗೂ ಬೇಡ.

"ಏನಿಲ್ಲ ಬಿಡು," ಎಂದು ಯಶೋಧಾ ಬೇಗನೆ ಗೋಡೆಯ ಕಡೆ ತಿರುಗಿ ಮಲಗಿದಳು.