ತೊಳೆಯದ ಗೋಡೆ

"ಈ ಗೋಡೆಯನ್ನು ಕೊಂದದ್ದು ಯಾರು?"

ಬೆಸೆಂಟ್ ನಗರದ ಆ ಫ್ಲ್ಯಾಟಿಗೆ ಕಾಲಿಟ್ಟ ಕೂಡಲೇ ಪೇಂಟರ್ ಮೋನಪ್ಪ ಕೇಳಿದ ಮೊದಲ ಪ್ರಶ್ನೆ ಅದು. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ!

ಕೌಸಲ್ಯಾಳ ಮುಖ ಕೆಂಪಾಯಿತು. ಎರಡು ಭಾನುವಾರ ಬೆವರು ಸುರಿಸಿ ಹಾಲ್‌ನ ಗೋಡೆಗಳ ಹಳೆಯ ವಾಲ್‌ಪೇಪರ್ ಕಿತ್ತವಳು ಅವಳೇ. ದೋಸೆ ಸಟ್ಟುಗದಿಂದ ಕೆರೆದೂ ಕೆರೆದೂ ಗಾರೆಯನ್ನೇ ಅಲ್ಲಲ್ಲಿ ಎಬ್ಬಿಸಿಬಿಟ್ಟಿದ್ದಳು.

"ನಾನೇ. ಏನೀಗ?"

"ಎಂಥ ಇಲ್ಲ ಮೇಡಂ. ಸಟ್ಟುಗ ಒಳ್ಳೇದುಂಟು. ದೋಸೆಗೆ."

ಸಿಟ್ಟಿನ ಜೊತೆಗೇ ನಗುವೂ ಬಂತು ಅವಳಿಗೆ. ಮೈಸೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಚೆನ್ನೈಯಲ್ಲಿ, ಬ್ಯಾಂಕಿನಲ್ಲಿ ಕೆಲಸ. ಮೂವತ್ತು ದಾಟಿದರೂ ಮದುವೆಯ ಮಾತೆತ್ತಿದರೆ ಎದ್ದು ಹೋಗುವ ಹುಡುಗಿ. ಅಂಥವಳು ಅವತ್ತು ಆ ಪೇಂಟರ್‌ಗೆ ಎರಡು ಸಲ ಕಾಫಿ ಕೊಟ್ಟಳು! ಅಮ್ಮ ವಾಸಂತಿ ಅಡುಗೆಮನೆಯಿಂದ ಇಣುಕಿ ನೋಡಿ ಸುಮ್ಮನಾದರು.

ಮೋನಪ್ಪ ಪುತ್ತೂರಿನವನು. ಅವನನ್ನು ಕಳಿಸಿದ್ದು ಕೌಸಲ್ಯಾಳ ತಂದೆಯ ಸ್ನೇಹಿತರಾಗಿದ್ದ, ಎಗ್ಮೋರಿನ ಹೋಟೆಲ್ ಮಾಲೀಕ ವಿಷ್ಣುಮೂರ್ತಿ. ಇಲ್ಲಿ ಕೆಲಸ ಚೆನ್ನಾಗಿ ಮಾಡಿದರೆ ತಮ್ಮ ಮೂರು ಮಹಡಿಯ ಹೋಟೆಲಿನ ಬಣ್ಣದ ಕೆಲಸವನ್ನೂ ಅವನಿಗೇ ಕೊಡುವುದಾಗಿ ಹೇಳಿದ್ದರು. ಹತ್ತು ವರ್ಷದಿಂದ ಅಂಥದೊಂದು ಕೆಲಸಕ್ಕೆ ಅವನು ಕಾದಿದ್ದ.

ಉರಿಯುವ ಬಲ್ಬನ್ನು ಗೋಡೆಯ ಪಕ್ಕಕ್ಕೆ ಹಿಡಿದು ಉಬ್ಬುತಗ್ಗುಗಳನ್ನು ತೋರಿಸಿದ. ಬೆರಳ ಗೆಣ್ಣಿನಿಂದ ಬಡಿದು, ಎಲ್ಲೆಲ್ಲಿ ಗಾರೆ ಒಳಗೆ ಟೊಳ್ಳಾಗಿದೆ ಎಂದು ಗುರುತು ಹಾಕಿದ.

"ಇದೆಲ್ಲ ನಾನು ಸಮ ಮಾಡ್ತೇನೆ. ಆದ್ರೆ ಮೊದಲು ತೊಳೀಬೇಕು. ಕಾಗದ ಹೋದ್ರೂ ಅಂಟು ಗೋಡೆಯಲ್ಲೇ ಇರ್ತದೆ. ಅದರ ಮೇಲೆ ಗೋಡೆ ಸಮ ಮಾಡುವ ಪುಟ್ಟಿ ಹಾಕಿದ್ರೆ ನಿಲ್ಲುದಿಲ್ಲ, ಬಣ್ಣ ಸಮೇತ ಎದ್ದು ಬರ್ತದೆ."

"ಪರವಾಯಿಲ್ಲ, ನಾನೇ ಬಿಸಿನೀರಲ್ಲಿ ತೊಳೆದಿಡ್ತೀನಿ."

"ಒಣಗಿದ ಮೇಲೆ ಫೋನ್ ಮಾಡಿ. ಮರುದಿನವೇ ಬರ್ತೇನೆ."

ಮೂರು ಗೋಡೆ ತೊಳೆದಳು. ನಾಲ್ಕನೆಯದರ ಹತ್ತಿರ ಬಕೆಟ್ ಇಟ್ಟುಕೊಂಡು ನಿಂತಳು. ಇದನ್ನು ತೊಳೆದು, ಇದು ಒಣಗಿ... ಅಯ್ಯೋ, ಇನ್ನೂ ಎರಡು ದಿನ ಅವನ ಮುಖ ನೋಡದೆ ಇರಬೇಕೇ? ಒದ್ದೆ ಬಟ್ಟೆಯಿಂದ ಸುಮ್ಮನೆ ಒರೆಸಿ ಫೋನ್ ಎತ್ತಿಕೊಂಡಳು.

"ಎಲ್ಲಾ ತೊಳೆದಾಯ್ತು. ನಾಳೆನೇ ಬನ್ನಿ."

ಎಂಥ ಹುಚ್ಚು ಹುಡುಗಿ ನೋಡಿ!

ಅವನು ಬಂದ. ಪುಟ್ಟಿ ಎಳೆದ, ಉಪ್ಪುಕಾಗದ ಹಿಡಿದು ಉಜ್ಜಿದ, ಮತ್ತೆ ಎಳೆದ. ಎಂಟು ದಿನ ಮನೆ ತುಂಬ ಬಿಳಿ ಧೂಳು, ಮನೆ ತುಂಬ ಮಾತು. ಬಣ್ಣ ಮುಗಿದ ದಿನ ಇಬ್ಬರೂ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ಇಬ್ಬರೂ ಹೇಳಬೇಕಾದದ್ದನ್ನು ಹೇಳಲಿಲ್ಲ.

ಮೂರೇ ವಾರ! ನಾಲ್ಕನೆಯ ಗೋಡೆ ಹಪ್ಪಳದ ಹಾಗೆ ಉಬ್ಬಿತು.

ಗ್ರಹಚಾರಕ್ಕೆ ಅದನ್ನು ಮೊದಲು ನೋಡಿದ್ದು ಕಾಫಿಗೆ ಬಂದ ವಿಷ್ಣುಮೂರ್ತಿ. ಆಗಲೇ ಮೋನಪ್ಪನನ್ನು ಕರೆಸಿದರು.

"ಎಂಥ ಮಾರಾಯಾ ಇದು? ಹೀಗೆ ಕೆಲಸ ಮಾಡುವವನಿಗೆ ನನ್ನ ಹೋಟೆಲ್ ಕೊಡುದಾ?"

ಮೋನಪ್ಪ ಗೋಡೆಯಿಂದ ಎದ್ದ ಚಕ್ಕೆಯೊಂದನ್ನು ಕಿತ್ತು ಅದರ ಹಿಂಬದಿಗೆ ಹೆಬ್ಬೆರಳು ಒತ್ತಿದ. ಆಮೇಲೆ ಕೌಸಲ್ಯಾಳನ್ನು ನೋಡಿದ.

'ಹೇಳೇ... ಬಾಯಿ ಬಿಡೇ ಕೌಸಲ್ಯಾ!'

ಆದರೆ ಅವಳು ತಲೆ ತಗ್ಗಿಸಿದಳು.

"ತಪ್ಪಾಯ್ತು ಅಣ್ಣ," ಎಂದು ಹೇಳಿ ಮೋನಪ್ಪ ಹೊರಟುಹೋದ. ಹೋಟೆಲ್ ಕೆಲಸ ಬೇರೆಯವರ ಪಾಲಾಯಿತು.

ಹನ್ನೊಂದು ದಿನ ಆ ಉಬ್ಬಿದ ಗೋಡೆ ಅವಳ ಕಣ್ಣೆದುರೇ ಇತ್ತು. ನನ್ನ ಸುಳ್ಳಿಗೆ ಅವನು ತಪ್ಪಾಯ್ತು ಅಂದನಲ್ಲ... ಛೀ, ನಾನೂ ಒಬ್ಬಳು ಮನುಷ್ಯಳೇ?

ಹನ್ನೆರಡನೆಯ ದಿನ ಬೆಳಿಗ್ಗೆ, ತಿಂಡಿಯ ಜನ ಗಿಜಿಗುಡುವ ಹೊತ್ತಿನಲ್ಲೇ, ಎಗ್ಮೋರಿಗೆ ಹೋಗಿ ವಿಷ್ಣುಮೂರ್ತಿಯವರ ಎದುರು ನಿಂತಳು.

"ಮಾಮ, ಆ ಗೋಡೆ ತೊಳೀದೇ ಬಿಟ್ಟವಳು ನಾನು. ತೊಳೆದೆ ಅಂತ ಸುಳ್ಳು ಹೇಳಿದವಳೂ ನಾನೇ. ಅವ್ರದ್ದು ಒಂಚೂರೂ ತಪ್ಪಿಲ್ಲ."

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಕದಲಲಿಲ್ಲ.

"ಅವತ್ತು ಯಾಕಮ್ಮ ಬಾಯಿ ಹೊಲಿದುಕೊಂಡು ಕೂತದ್ದು? ಈಗ ಅರ್ಧ ಕೆಲಸ ಆಗಿ ಹೋಗಿದೆ. ಬಂದವರನ್ನು ಓಡಿಸ್ಲಿಕ್ಕೆ ಆಗ್ತದಾ?" ಅವರು ನಿಟ್ಟುಸಿರಿಟ್ಟರು. "ನಾನು ಬೈದದ್ದಕ್ಕೆ ನಾನೇ ಅವನ ಹತ್ರ ಕ್ಷಮೆ ಕೇಳ್ತೇನೆ. ಮೊದಲು ನೀನು ಹೋಗು. ಪೆರುಂಗುಡಿಯಲ್ಲಿದ್ದಾನೆ."

ಅಲ್ಲಿ ಹೊಸ ಆಫೀಸೊಂದರ ಖಾಲಿ ಕೋಣೆಯಲ್ಲಿ ಅವನು ಗೋಡೆ ಉಜ್ಜುತ್ತಿದ್ದ. ಇವಳನ್ನು ಕಂಡು ಕೈ ನಿಲ್ಲಿಸಿದ.

"ಮೋನಪ್ಪ... ಆ ಗೋಡೆ ನಾನು..."

"ಗೊತ್ತುಂಟು. ಚಕ್ಕೆಯ ಹಿಂದೆ ಅಂಟು ಇತ್ತು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ತೊಳೆದದ್ದು ಹೌದಾ ಅಂತ ಕೈಯಿಟ್ಟು ನೋಡ್ಬೇಕಿತ್ತು. ನೋಡ್ಲಿಲ್ಲ. ನಿಮ್ಮ ಮಾತೇ ಸಾಕು ಅಂತ ಅನ್ಸಿತು. ಅದು ನನ್ನ ತಪ್ಪೇ ಅಲ್ವಾ?" ಅವನ ಧ್ವನಿ ಇಳಿಯಿತು. "ಕೆಲಸ ಹೋದದ್ದಕ್ಕೆ ಬೇಜಾರಿಲ್ಲ ಅಂತ ಹೇಳುದಿಲ್ಲ. ಉಂಟು. ಆದ್ರೆ ನೀವು ತಲೆ ತಗ್ಗಿಸಿದ್ರಲ್ಲ... ಅದು ಜಾಸ್ತಿ ನೋವಾಯ್ತು."

ಅವಳ ಕಣ್ಣು ತುಂಬಿ ಹರಿಯಿತು.

"ಅಲ್ಲಿ ಎಲ್ಲರ ಮುಂದೆ ಹೇಳಿ ಬಂದೆ. ಆದ್ರೂ ನೀವು ಕಳ್ಕೊಂಡಿದ್ದನ್ನ ವಾಪಸ್ ತರೋಕೆ ಆಗ್ಲಿಲ್ಲ. ಬೈದುಬಿಡಿ ನನ್ನ!"

"ಬೈಯುದು ಆಮೇಲೆ. ಸುಳ್ಳು ಯಾಕೆ ಹೇಳಿದ್ದು? ಅದು ಹೇಳಿ."

"...ಎರಡು ದಿನ ಮುಂಚೆ ಬರ್ತೀರಲ್ಲ ಅಂತ."

"ಯಾರು?"

"ನೀವು! ಇನ್ಯಾರು? ನೀವು ಬರೋದನ್ನ ಕಾಯೋಕೆ ಆಗ್ತಿರ್ಲಿಲ್ಲ ನನ್ ಕೈಲಿ!"

ಮೋನಪ್ಪನ ಕೈಯಿಂದ ಉಪ್ಪುಕಾಗದ ಜಾರಿತು.

"ಸುಮ್ಮನೆ ಬನ್ನಿ ಅಂದಿದ್ರೆ ಬರ್ತಿರ್ಲಿಲ್ವಾ ನಾನು? ಎಂಥ ಮಾರಾಯ್ತಿ ನೀನು!"

ಮೊದಲ ಬಾರಿಗೆ ಮೇಡಂ ಅನ್ನಲಿಲ್ಲ.

"ಹಾಗಾದ್ರೆ ಈಗ ಕರೀತೀನಿ. ಭಾನುವಾರ ಮನೆಗೆ ಬನ್ನಿ."

"ಗೋಡೆಗಾ?"

"ಅಲ್ಲ. ಅಮ್ಮನ ಹತ್ರ ಮಾತಾಡೋಕೆ."